ರೋಲ್ ಪಿಯಾನೋ ನೋಡಿ ಮಕ್ಕಳು ಕಲಿಯಬಹುದಾ?

ಮೇಡಂ, ನ್ಯೂಜೆರ್ಸಿಯಲ್ಲಿ ನೀವು ಕೊಂಡ ಮನೆಯಲ್ಲಿ ಹಳೇ ಪ್ಲೇಯರ್ ಪಿಯಾನೋ (ತೂತು ಹೊಡೆದ ಪೇಪರ್ ಸುರುಳಿ ಓಡಿಸಿದರೆ ತಾನಾಗಿ ನುಡಿಯುವ ಪಿಯಾನೋ), ಜೊತೆಗೆ ಆ ಪೇಪರ್ ರೋಲ್‌ಗಳ ಒಂದು ರಾಶಿ ಸಿಕ್ಕಿವೆ, ಸ್ಪರ್ಧೆಗೆ ತಯಾರಾಗುತ್ತಿರುವ ಮಗಳು ಅದನ್ನು ನೋಡಿ ಕಲಿಯಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕಲಿಯಬಹುದು. ಹಾಗೆ ಕಲಿತು ಸ್ಪರ್ಧೆ ಗೆದ್ದವರೇ ಇದ್ದಾರೆ.

1904ರಲ್ಲಿ ಹುಟ್ಟಿದ ನ್ಯೂಯಾರ್ಕಿನ ಜಾಝ್ ಪಿಯಾನೋ ವಾದಕ ಫ್ಯಾಟ್ಸ್ ವಾಲರ್ ಅಂಥವನು. ಇನ್ನೊಬ್ಬ ಪಿಯಾನೋ ವಾದಕ ಜೇಮ್ಸ್ ಪಿ. ಜಾನ್ಸನ್ ಅವರ ‘ಕೆರೊಲಿನಾ ಶೌಟ್’ ಎಂಬ ತುಣುಕಿನ ರೋಲ್ ಓಡುವಾಗ ತಾವಾಗಿಯೇ ಇಳಿಯುವ ಕೀಗಳನ್ನು ನೋಡಿ ಕಲಿತ. ಹದಿಹರೆಯದಲ್ಲಿ ಅದನ್ನೇ ನುಡಿಸಿ ಪ್ರತಿಭಾ ಸ್ಪರ್ಧೆ ಗೆದ್ದ. ಮುಂದೆ ರೋಲ್ ತಯಾರಿಸುವ ಕ್ಯೂಆರ್‌ಎಸ್ ಕಂಪನಿಗೆ ತಾನೇ ರೋಲ್ ಮಾಡಿಕೊಟ್ಟ! ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಕಲಿತದ್ದೂ ಅದೇ ತುಣುಕನ್ನು, ರೋಲ್ ನಿಧಾನ ಮಾಡಿಕೊಂಡು.

ಆ ನಿಧಾನದಲ್ಲೇ ಇರೋದು ಗುಟ್ಟು. ಪೆಡಲ್ ತುಳಿದಾಗ ಒಳಗಿನ ಗಾಳಿ ಹೊರಕ್ಕೆ ಹೋಗುತ್ತದೆ. ಪೇಪರಿನ ತೂತು ಅದರಡಿಯ ಪಟ್ಟಿಯ ತೂತಿನ ಮೇಲೆ ಬಂದ ಕೂಡಲೇ ಹೊರಗಿನ ಗಾಳಿ ನುಗ್ಗಿ ಆ ಕೀ ಕೆಲಸ ಶುರುಮಾಡುತ್ತದೆ. ತೂತು ಉದ್ದ ಇದ್ದಷ್ಟು ಸ್ವರವೂ ಉದ್ದ. ವೇಗ ಎಷ್ಟೇ ಇಳಿಸಿದರೂ ಶ್ರುತಿ ಇಳಿಯುವುದಿಲ್ಲ. ಗ್ರಾಮಫೋನ್ ಪ್ಲೇಟಿನಲ್ಲಿ ಈ ಆಟ ನಡೆಯಲ್ಲ, ಅಲ್ವಾ? ರೋಲಿನ ಶುರುವಿನಲ್ಲಿ ‘ಟೆಂಪೋ 70’ ಅಂತಿದ್ದರೆ ಪೇಪರ್ ನಿಮಿಷಕ್ಕೆ 7 ಅಡಿ ಓಡಬೇಕು ಅಂತ. ವೇಗದ ಲಿವರನ್ನು 40ಕ್ಕೆ ತನ್ನಿ. ಒಂದು ಸಲಕ್ಕೆ ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ಸಾಕು, ಮೊದಲು ಎಡಗೈ ಕಡೆಯ ಕೀಗಳನ್ನಷ್ಟೇ ನೋಡಲಿ.

ಆದರೆ ರೋಲನ್ನೇ ಗುರು ಅಂದುಕೊಳ್ಳಬೇಡಿ. ಯಾವ ಬೆರಳು ಎಲ್ಲಿ ಅಂತ ಅದು ಹೇಳಲ್ಲ. ಎಷ್ಟೋ ರೋಲ್‌ಗಳಲ್ಲಿ ತುಂಬಿಕೊಂಡಂತೆ ಕೇಳಲಿ ಅಂತ ಹೆಚ್ಚುವರಿ ಸ್ವರ ಸೇರಿಸಿರುತ್ತಾರೆ, ಎರಡು ಕೈಗೆ ಅವು ಎಟುಕುವುದೇ ಇಲ್ಲ. ಮಗು ಸುಮ್ನೆ ಒದ್ದಾಡುತ್ತದೆ. ಶೀಟ್ ಮ್ಯೂಸಿಕ್ (ಸ್ವರ ಬರೆದ ಹಾಳೆ) ಪಕ್ಕದಲ್ಲಿ ಇರಲೇಬೇಕು. ಜೋರು, ಮೆದು ಕೂಡ ಸಾಮಾನ್ಯ ರೋಲಿನಲ್ಲಿ ತಾನಾಗಿ ಬರಲ್ಲ, ತುಳಿಯುವವರ ಕಾಲು ಮತ್ತು ಜೋರು-ಮೆದುವಿನ ಲಿವರಿನ ಮೇಲೆ ಇದೆ. ಜರ್ಮನಿಯ ವೆಲ್ಟೆ-ಮಿನ್ಯಾನ್ ಎಂಬ ರೋಲ್ ವ್ಯವಸ್ಥೆ 1904ರಲ್ಲಿ ಅದನ್ನೂ ಹಿಡಿದಿಟ್ಟಿತು, ಆದರೆ ಅದಕ್ಕೆ ಬೇರೆ ಪಿಯಾನೋನೇ ಬೇಕು.

ಇನ್ನೂ ರೋಲ್ ಕೊಳ್ಳುವುದಿದ್ದರೆ ಅಗಲ ನೋಡಿ ಮೋಸಹೋಗಬೇಡಿ. 65 ಸ್ವರದ್ದೂ 88 ಸ್ವರದ್ದೂ ಹನ್ನೊಂದೂಕಾಲು ಇಂಚೇ. ಅಡ್ಡಕ್ಕೆ ಇಂಚಿಗೆ 6 ತೂತಿನ ಸಾಲು ಇದ್ದರೆ 65ರದ್ದು, 9 ಇದ್ದರೆ 88ರದ್ದು. 1908ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ತಯಾರಕರು ಕೂತು ಒಪ್ಪಿಕೊಂಡ ಲೆಕ್ಕ ಇದು.

ಹರಿದ ಕಡೆ ಸೆಲ್ಲೋಟೇಪ್ ಬೇಡವೇ ಬೇಡ, ಅಂಟು ಒಸರಿ ರೋಲಿನ ಮೇಲಿನ ಸುತ್ತಿನ ಪೇಪರನ್ನು ಹಿಡಿಯುತ್ತದೆ. ಅಂಚು ಹರಿದ ರೋಲನ್ನು ಪಕ್ಕಕ್ಕಿಡಿ. ಪೇಪರ್ ಒಂಚೂರು ಸರಿದರೂ ಪಕ್ಕದ ಸ್ವರ ನುಡಿಯುತ್ತದೆ, ಮಗಳು ಅದನ್ನೇ ಸರಿ ಅಂದುಕೊಂಡು ಕಲಿತುಬಿಡುತ್ತಾಳೆ.