ಒಂದೇ ಫೈಲ್, ಮೂರು ಆವೃತ್ತಿ

ಪ್ರಶ್ನೆ: ಕಚೇರಿಯಲ್ಲಿ ನಾವು ಆರು ಮಂದಿ ಮೈಕ್ರೋಸಾಫ್ಟ್‌ನ ಆಕ್ಸೆಸ್ ತಂತ್ರಾಂಶದಲ್ಲಿ ಮಾಡಿದ ಒಂದೇ ಡೇಟಾಬೇಸ್ ಬಳಸುತ್ತೇವೆ. ಅದರ ಎಂಡಿಬಿ (ಆಕ್ಸೆಸ್‌ನ ಹಳೆಯ ಮಾದರಿಯ) ಫೈಲ್ ಸರ್ವರ್‌ನಲ್ಲಿದೆ. ಒಂದು ಕಂಪ್ಯೂಟರಿನಲ್ಲಿ ಆಕ್ಸೆಸ್ 2003, ಮೂರರಲ್ಲಿ 2010, ಈಚಿನ ಎರಡರಲ್ಲಿ 2016 ಇದೆ. 2016ರವರು ತೆರೆದು ಮುಚ್ಚಿದ ಮೇಲೆ ಉಳಿದವರಿಗೆ ‘ಪ್ರಾಜೆಕ್ಟ್ ಅಥವಾ ಲೈಬ್ರರಿ ಸಿಗುತ್ತಿಲ್ಲ’ ಎಂಬ ಸಂದೇಶ ಬರುತ್ತದೆ. ಎಲ್ಲರಿಗೂ ಒಂದೇ ಆವೃತ್ತಿ ಕೊಳ್ಳಲೇಬೇಕೇ?

ಉತ್ತರ: ಬೇಕಿಲ್ಲ. ನಿಮ್ಮ ದತ್ತಾಂಶಕ್ಕೆ ಏನೂ ಆಗಿಲ್ಲ. ಕೆಟ್ಟಿರುವುದು ಅದರ ಜೊತೆ ಒಂದೇ ಫೈಲಿನಲ್ಲಿ ಕುಳಿತಿರುವ ಕೋಡ್. ಅದು ಬಹುಶಃ ಎಕ್ಸೆಲ್ ಲೈಬ್ರರಿಯನ್ನು, ಅಂದರೆ ಎಕ್ಸೆಲ್‌ನ ಕೆಲಸ ಮಾಡಿಸಲು ಬೇಕಾದ ಸಿದ್ಧ ಕೋಡ್ ಇರುವ ಫೈಲನ್ನು, ಅವಲಂಬಿಸಿದೆ. 2003ರಲ್ಲಿ ಆ ಲೈಬ್ರರಿಯ ಸಂಖ್ಯೆ 11, 2010ರಲ್ಲಿ 14, 2016ರಲ್ಲಿ 16. (13 ಎಂಬುದೇ ಇಲ್ಲ, ಅಪಶಕುನವೆಂದು ಬಿಟ್ಟರೇನೋ!) 2016ರಲ್ಲಿ ಫೈಲ್ ತೆರೆದಾಗ ಆಕ್ಸೆಸ್ ಆ ಲೈಬ್ರರಿಯ ಕೊಂಡಿಯನ್ನು (ರೆಫರೆನ್ಸ್) ಯಾರನ್ನೂ ಕೇಳದೆ 16ಕ್ಕೆ ಏರಿಸುತ್ತದೆ, ಇಳಿಸುವುದಕ್ಕೆ ಮಾತ್ರ ಅದಕ್ಕೆ ಬಾರದು. ಹಳೆಯ ಕಂಪ್ಯೂಟರಿನ ಕೋಡ್ ವಿಂಡೋದಲ್ಲಿ ಟೂಲ್ಸ್, ರೆಫರೆನ್ಸಸ್ ತೆರೆದು ನೋಡಿ; ಒಂದು ಸಾಲಿನ ಮುಂದೆ ‘ಮಿಸ್ಸಿಂಗ್’ ಎಂದಿರುತ್ತದೆ. ಆ ಒಂದು ಸಾಲು ಮುರಿದರೆ ಎಕ್ಸೆಲ್‌ಗೆ ಸಂಬಂಧವೇ ಇಲ್ಲದ, ಇಂದಿನ ದಿನಾಂಕ ಕೊಡುವ ಡೇಟ್ ಫಂಕ್ಷನ್ ಕೂಡ ಕೈಕೊಡುತ್ತದೆ. ಅದಕ್ಕೇ ಮೂಲ ಹುಡುಕುವುದು ಕಷ್ಟ.

ಮೊದಲು ಬ್ಯಾಕಪ್ ತೆಗೆದು, 2003 ಇರುವ ಕಂಪ್ಯೂಟರಿನಲ್ಲಿ ಫೈಲನ್ನು ಎರಡಾಗಿ ಒಡೆಯಿರಿ. ಇದಕ್ಕೆಂದೇ ಆಕ್ಸೆಸ್‌ನಲ್ಲಿ ‘ಡೇಟಾಬೇಸ್ ಸ್ಪ್ಲಿಟರ್’ ಇದೆ. ಟೇಬಲ್‌ಗಳಷ್ಟೇ ಇರುವ ಫೈಲ್ ಸರ್ವರ್‌ನಲ್ಲಿರಲಿ. ಫಾರ್ಮ್, ಕ್ವೆರಿ, ರಿಪೋರ್ಟ್, ಕೋಡ್ ಇರುವ ಫೈಲಿನ ಒಂದೊಂದು ಪ್ರತಿ ಎಲ್ಲರ ಕಂಪ್ಯೂಟರಿನಲ್ಲೂ ಇರಲಿ. ಆಗ 2016 ತನ್ನ ಪ್ರತಿಯಲ್ಲಿ ಏನು ಬದಲಿಸಿಕೊಂಡರೂ ಪಕ್ಕದವರಿಗೆ ತಟ್ಟುವುದಿಲ್ಲ. ಟೇಬಲ್ ಲಿಂಕ್ ಮಾಡುವಾಗ ಡ್ರೈವ್ ಅಕ್ಷರದ ಬದಲು ಸರ್ವರ್ ಹೆಸರಿನಿಂದ ಶುರುವಾಗುವ ಪೂರ್ಣ ದಾರಿ ಕೊಡಿ. ಒಬ್ಬರ ‘ಝಡ್’ ಇನ್ನೊಬ್ಬರಿಗೆ ‘ವೈ’ ಆಗಿರಬಹುದು. ಮುಂದೆ ಫಾರ್ಮ್ ತಿದ್ದುವುದಿದ್ದರೆ 2003ರಲ್ಲೇ ತಿದ್ದಿ ಹಂಚಿ.

ಸಾಧ್ಯವಾದರೆ ಆ ರೆಫರೆನ್ಸನ್ನೇ ಕಿತ್ತುಹಾಕಿ. ಎಕ್ಸೆಲ್ ವೇರಿಯಬಲ್‌ಗಳನ್ನು ಬರೀ ‘ಆಬ್ಜೆಕ್ಟ್’ ಎಂದು ಘೋಷಿಸಿ, ‘ಕ್ರಿಯೇಟ್ ಆಬ್ಜೆಕ್ಟ್’ ಮೂಲಕ ಎಕ್ಸೆಲನ್ನು ಕರೆದರೆ ಯಾವ ಆವೃತ್ತಿಯಿದ್ದರೂ ನಡೆಯುತ್ತದೆ. ಆದರೆ ಎಕ್ಸೆಲ್‌ನ ಸ್ಥಿರಾಂಕಗಳ (ಹೆಸರಿಟ್ಟ ಸ್ಥಿರ ಸಂಖ್ಯೆಗಳ) ಹೆಸರು ಆಗ ಕೋಡ್‌ಗೆ ಗುರುತು ಸಿಗುವುದಿಲ್ಲ, ‘ಎಕ್ಸ್‌ಎಲ್ ಅಪ್’ ಇದ್ದಲ್ಲಿ -4162 ಎಂದು ಸಂಖ್ಯೆಯನ್ನೇ ಬರೆಯಬೇಕು. ಅರ್ಧ ದಿನದ ಬೇಸರದ ಕೆಲಸ, ಒಮ್ಮೆ ಮಾಡಿದರೆ ಮುಗಿಯಿತು.

2016 ಇರುವ ಯಾರಾದರೂ ಸರ್ವರ್‌ನ ಫೈಲನ್ನು ಉತ್ಸಾಹದಿಂದ ಎಸಿಸಿಡಿಬಿಗೆ ಬದಲಾಯಿಸದಂತೆ ನೋಡಿಕೊಳ್ಳಿ. ಅದು 2007ರಲ್ಲಿ ಬಂದ ಮಾದರಿ, 2003ಕ್ಕೆ ಓದಲು ಬಾರದು. 2003 ನಿವೃತ್ತಿಯಾದ ದಿನ ಧಾರಾಳವಾಗಿ ಬದಲಾಯಿಸಬಹುದು.