ಬಲಗಡೆ ಆಕ್ಸಿಸ್ ಹಾಕಿದರೂ ಬಾವಿಯ ಗೆರೆ ಮೇಲೇಳದಿದ್ದರೆ

ಭಾವ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದ್ದೆ. ಕರೆಂಟ್ ಇರಲಿಲ್ಲ, ಫೋನಿನಲ್ಲಿ ಇಷ್ಟುದ್ದ ಬರೆಯೋದು ಆಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ. ಗುಂಪಿನಲ್ಲಿ ಇನ್ನೂ ನಾಲ್ಕು ಜನ ಮಳೆ ಲೆಕ್ಕ ಇಡುವವರಿದ್ದಾರೆ, ಅವರಿಗೂ ಆದೀತು.

ನೀವು ಕೇಳಿದ್ದು ಇಷ್ಟು. ಎಕ್ಸೆಲ್ ಚಾರ್ಟಿನಲ್ಲಿ ತಿಂಗಳ ಮಳೆ ಮಿಲಿಮೀಟರಿನಲ್ಲಿ, ಕಂಬಗಳಾಗಿ ಬೇಕು. ತೋಟದ ಬಾವಿಯ ನೀರು ಎಷ್ಟು ಅಡಿ ಕೆಳಗಿದೆ ಅನ್ನೋದು ಅದೇ ಚಾರ್ಟಿನಲ್ಲಿ ಗೆರೆಯಾಗಿ ಬೇಕು. ಜುಲೈ ಮಳೆ ಎಂಟು ಒಂಬೈನೂರು ಮುಟ್ಟುತ್ತದೆ, ಬಾವಿ ಮೂವತ್ತು ಅಡಿ ದಾಟಲ್ಲ, ಹಾಗಾಗಿ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಯಾರೋ ಸೆಕೆಂಡರಿ ಆಕ್ಸಿಸ್, ಅಂದರೆ ಬಲಗಡೆ ಇನ್ನೊಂದು ಅಳತೆಗೋಲು, ಹಾಕಿ ಅಂದರು. ಹಾಕಿದಿರಿ. ಆದರೂ ಗೆರೆ ಅಲ್ಲೇ ಇದೆ, ಬಲಗಡೆ 0ಯಿಂದ 1ರವರೆಗೆ ಮಾತ್ರ ಅಂಕಿ ಕಾಣುತ್ತಿದೆ. ಆ ಅಂಕಿ ಬೇಡ ಅಂತ ಅಳಿಸಿದರೂ ಏನೂ ಸುಧಾರಿಸಲಿಲ್ಲ.

ನೀವು ಹಾಕಿದ ಚಿತ್ರ ದೊಡ್ಡದು ಮಾಡಿ ನೋಡಿದೆ. ಆಕ್ಸಿಸ್ ಸರಿಯಾಗೇ ಇದೆ. ತಪ್ಪಿರೋದು ಕೋಷ್ಟಕದಲ್ಲಿ. ಬಾವಿಯ ಕಾಲಮ್ಮಿನಲ್ಲಿ ನೀವು "22 ಅಡಿ", "18 ಅಡಿ" ಅಂತ ಟೈಪ್ ಮಾಡಿದ್ದೀರಿ. ಎಕ್ಸೆಲ್‌ಗೆ ಅದು ಸಂಖ್ಯೆ ಅಲ್ಲ, ಬರೀ ಅಕ್ಷರ. ಅಕ್ಷರ ಇರುವ ಖಾನೆಯನ್ನು ಅದು ಗೆರೆಯಲ್ಲಿ ಸೊನ್ನೆ ಅಂತ ಎಳೆಯುತ್ತದೆ. ಹನ್ನೆರಡು ತಿಂಗಳೂ ಸೊನ್ನೆಯಾದರೆ ಗೆರೆ ಏಳೋದು ಹೇಗೆ? ಗುರುತು ಸುಲಭ: ಸಂಖ್ಯೆಯಾದರೆ ಖಾನೆಯ ಬಲಕ್ಕೆ ನಿಲ್ಲುತ್ತದೆ, ಅಕ್ಷರವಾದರೆ ಎಡಕ್ಕೆ. ನಿಮ್ಮ ಮಳೆಯ ಅಂಕಿಗಳೆಲ್ಲ ಬಲಕ್ಕಿವೆ, ಬಾವಿಯವು ಎಡಕ್ಕಿವೆ, ಅಲ್ವಾ? ಕನ್ನಡ ಅಂಕಿಯಲ್ಲಿ ೨೨ ಅಂತ ಬರೆದರೂ ಇದೇ ಕಥೆ ಆಗಬಹುದು. ರೇಟಿನ ಕಾಲಮ್ಮಿನಲ್ಲಿ 42,000/- ಅಂತ ಹಾಕುವವರಿಗೂ ಇದೇ ಕಥೆ.

ಆ ಕಾಲಮ್ ಆರಿಸಿ, ಕಂಟ್ರೋಲ್ ಎಚ್ ಒತ್ತಿ. ಹುಡುಕುವ ಜಾಗದಲ್ಲಿ ಒಂದು ಸ್ಪೇಸ್ ಬಿಟ್ಟು ಅಡಿ ಅಂತ ಹಾಕಿ, ಕೆಳಗಿನದು ಖಾಲಿ ಬಿಟ್ಟು ರಿಪ್ಲೇಸ್ ಆಲ್ ಕೊಡಿ. ಅಂಕಿಗಳೆಲ್ಲ ಬಲಕ್ಕೆ ಹಾರುತ್ತವೆ, ಗೆರೆಯೂ ಕೂಡಲೇ ಏಳುತ್ತದೆ. ಪಕ್ಕದಲ್ಲಿ ಅಡಿ ಅಂತ ಕಾಣಲೇಬೇಕು ಅಂದರೆ ಫಾರ್ಮ್ಯಾಟ್ ಸೆಲ್ಸ್‌ಗೆ ಹೋಗಿ ಕಸ್ಟಮ್‌ನಲ್ಲಿ 0.0 "ಅಡಿ" ಅಂತ ಕೊಡಿ. ಆಗ ಒಳಗೆ ಸಂಖ್ಯೆಯೇ ಇರುತ್ತದೆ, ಹೊರಗೆ ಮಾತ್ರ ಅಡಿ ಅಂತ ಕಾಣುತ್ತದೆ.

ಅದೇ ಕಾಲಮ್ಮಿನಲ್ಲಿ ಇನ್ನೊಂದು ಕಂಡೆ, ಇದು ನನಗೆ ಜಾಸ್ತಿ ಚಿಂತೆ ಹತ್ತಿಸಿತು. ನವೆಂಬರಿಗೆ "14.10 ಅಡಿ" ಅಂತ ಬರೆದಿದ್ದೀರಿ. ಅದು ಹದಿನಾಲ್ಕು ಅಡಿ ಹತ್ತು ಇಂಚು ಅಂತ ನನ್ನ ಊಹೆ. ಹಾಗಾದರೆ ಅಡಿ ತೆಗೆದ ಮೇಲೆ ಎಕ್ಸೆಲ್ ಅದನ್ನು 14.1 ಅಂತ ಇಟ್ಟುಕೊಳ್ಳುತ್ತದೆ, ಅಂದರೆ ಹದಿನಾಲ್ಕು ಅಡಿ ಒಂದು ಇಂಚು ಚಿಲ್ಲರೆ. ನಿಜವಾಗಿ ಅದು 14.83. ಒಂದೇ ಖಾನೆಯಲ್ಲಿ ಸುಮಾರು ಒಂಬತ್ತು ಇಂಚು ಆಳ ಮಾಯ! ಅಡಿಗೆ ಒಂದು ಕಾಲಮ್, ಇಂಚಿಗೆ ಒಂದು ಕಾಲಮ್ ಮಾಡಿ. ಮೂರನೆಯದರಲ್ಲಿ ಇಂಚನ್ನು ಹನ್ನೆರಡರಿಂದ ಭಾಗಿಸಿ ಅಡಿಗೆ ಕೂಡಿಸಿ. ಆ ಮೂರನೆಯದನ್ನೇ ಚಾರ್ಟಿಗೆ ಕೊಡಿ.

ಇನ್ನು ಬಲಗಡೆಯ ಅಂಕಿ ಅಳಿಸುವ ವಿಷಯ. ಆ ಆಕ್ಸಿಸ್ ಆರಿಸಿ ಡಿಲೀಟ್ ಒತ್ತಿದರೆ ಅಂಕಿ ಮಾತ್ರ ಹೋಗಲ್ಲ, ಅಳತೆಗೋಲೇ ಹೋಗುತ್ತದೆ. ಬಾವಿಯ ಗೆರೆ ಮತ್ತೆ ಎಡಗಡೆಯ ಮಳೆಯ ಅಳತೆಗೇ ಸಿಕ್ಕಿ ತಳ ಸೇರುತ್ತದೆ. ಅಂಕಿ ಕಾಣದಿದ್ದರೆ ಸಾಕು ಅಂದರೆ ಫಾರ್ಮ್ಯಾಟ್ ಆಕ್ಸಿಸ್‌ನಲ್ಲಿ ಲೇಬಲ್ಸ್ ಅಂತ ಇದೆ, ಅಲ್ಲಿ ಲೇಬಲ್ ಪೊಸಿಶನ್ None ಮಾಡಿ. ಆದರೆ ದಯವಿಟ್ಟು ತೆಗೆಯಬೇಡಿ. ಎರಡು ಅಳತೆಯ ಚಾರ್ಟಿನಲ್ಲಿ ಒಂದು ಅಳತೆ ಬಚ್ಚಿಟ್ಟರೆ ನೋಡುವವರು ಬಾವಿಯನ್ನೂ ಮಿಲಿಮೀಟರಿನಲ್ಲೇ ಓದುತ್ತಾರೆ. ಅಂಕಿ ಇರಲಿ, ಪಕ್ಕದಲ್ಲಿ "ನೀರಿನ ಆಳ, ಅಡಿ" ಅಂತ ಹೆಸರೂ ಇರಲಿ, ಅಂಕಿಯ ಬಣ್ಣ ಗೆರೆಯ ಬಣ್ಣವೇ ಇರಲಿ.

ಗೆರೆ ಎದ್ದ ಮೇಲೆ ನಿಮಗೆ ಇನ್ನೊಂದು ಕಾಣುತ್ತದೆ. ಮಳೆಗಾಲದಲ್ಲಿ ಬಾವಿ ತುಂಬುತ್ತದೆ, ಚಾರ್ಟಿನಲ್ಲಿ ಗೆರೆ ಇಳಿಯುತ್ತದೆ! ನಾವು ಅಳೆಯೋದು ಮೇಲಿಂದ ನೀರಿನವರೆಗಿನ ದೂರ ತಾನೇ, ನೀರು ಏರಿದರೆ ಅಂಕಿ ಇಳಿಯಬೇಕು. ಬಲಗಡೆ ಆಕ್ಸಿಸ್ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಆಕ್ಸಿಸ್, ಅಲ್ಲಿ ವ್ಯಾಲ್ಯೂಸ್ ಇನ್ ರಿವರ್ಸ್ ಆರ್ಡರ್‌ಗೆ ಗುರುತು ಹಾಕಿ. ಈಗ ಸೊನ್ನೆ ಮೇಲೆ ಬಂತು, ಅದೇ ಬಾವಿಯ ಬಾಯಿ. ಜೂನಿನಲ್ಲಿ ಮಳೆಯ ಕಂಬ ಏರಿದ ಹಾಗೆ ಬಾವಿಯ ಗೆರೆಯೂ ಏರುತ್ತದೆ. ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಗೊತ್ತಿಲ್ಲದವರಿಗೂ ಇದು ನೋಡಿದ ಕೂಡಲೇ ತಿಳಿಯುತ್ತದೆ. ನೀವು ಅಪ್ಪಿತಪ್ಪಿ ಎಡಗಡೆಯದನ್ನು ತಿರುಗಿಸಿದರೆ ಮಳೆಯ ಕಂಬಗಳು ಮಾಳಿಗೆಯಿಂದ ನೇತು ಬೀಳುತ್ತವೆ, ತಿಂಗಳ ಹೆಸರುಗಳು ಮೇಲಕ್ಕೆ ಹೋಗುತ್ತವೆ. ಹೆದರಬೇಡಿ, ಗುರುತು ತೆಗೆದರೆ ಮುಗಿಯಿತು.

ಆಳದ ಆಕ್ಸಿಸ್ ತಿರುಗಿಸಿದ ಮೇಲೆ ಖಾಲಿ ತಿಂಗಳ ಬಗ್ಗೆ ತುಂಬಾ ಜಾಗ್ರತೆ ಬೇಕು. ಆಗಸ್ಟಿನಲ್ಲಿ ಅಳೆಯಲಿಲ್ಲ ಅಂತ ಸೊನ್ನೆ ಹಾಕಿದಿರೋ, ಬಾವಿ ತುಂಬಿ ತುಳುಕುತ್ತಿದೆ ಅಂತ ಚಾರ್ಟ್ ಹೇಳುತ್ತದೆ. ಅಡಿ ಇಂಚು ಕೂಡಿಸುವ ಫಾರ್ಮುಲಾ ಇದ್ದರೆ ನೀವು ಏನೂ ಹಾಕದಿದ್ದರೂ ಅದು ಸೊನ್ನೆ ಕೊಡುತ್ತದೆ. ಅಳೆಯದ ತಿಂಗಳ ಫಾರ್ಮುಲಾವನ್ನೇ ಅಳಿಸಿ ಖಾನೆ ಪೂರ್ತಿ ಖಾಲಿ ಬಿಡಿ. ಸೆಲೆಕ್ಟ್ ಡೇಟಾ ಒಳಗೆ ಹಿಡನ್ ಅಂಡ್ ಎಂಪ್ಟಿ ಸೆಲ್ಸ್ ಅಂತ ಇದೆ, ಅಲ್ಲಿ ಗ್ಯಾಪ್ಸ್ ಇರಲಿ. ಮಳೆಯ ಕಾಲಮ್ ಹಾಗಲ್ಲ. ಜನವರಿಯಲ್ಲಿ ಒಂದು ಹನಿಯೂ ಬೀಳದಿದ್ದರೆ ಅಲ್ಲಿ ಸೊನ್ನೆ ನಿಜವಾದ ಅಳತೆ, ಹಾಕಲೇಬೇಕು.

ಈಗ ಅಳತೆಗೋಲನ್ನು ನೀವೇ ಕಟ್ಟಿ, ಆಟೋ ಬಿಡಬೇಡಿ. ಎಡಕ್ಕೆ 0ಯಿಂದ 1200, ಮೇಜರ್ ಯುನಿಟ್ (ಒಂದು ಅಂಕಿಯಿಂದ ಮುಂದಿನದಕ್ಕೆ ಅಂತರ) 200. ಬಲಕ್ಕೆ 0ಯಿಂದ 36, ಮೇಜರ್ ಯುನಿಟ್ 6. ಎರಡಕ್ಕೂ ಆರಾರು ಮನೆ ಬಂತು, ಅಡ್ಡಗೆರೆಗಳು ಎರಡೂ ಕಡೆಯ ಅಂಕಿಗೆ ಸರಿಯಾಗಿ ಕೂರುತ್ತವೆ.

ಆಟೋ ಬಿಟ್ಟರೆ ಏನಾಗುತ್ತದೆ ಅಂತ ನಾನು ಅನುಭವಿಸಿದ್ದೇನೆ. ನಮ್ಮದು ಕುಮಟಾ ಕಡೆ, ಚಿರೆಕಲ್ಲಿನ ನೆಲ. ಮಳೆ ಬಿದ್ದ ಹಾಗೆ ಬಾವಿ ಏರುತ್ತದೆ, ಮಳೆ ನಿಂತ ಮೇಲೆ ಇಳಿಯೋದೂ ಅಷ್ಟೇ ಬೇಗ. ಎರಡು ವರ್ಷದ ಚಾರ್ಟ್ ಪ್ರಿಂಟ್ ತೆಗೆದು ಗೋಡೆಗೆ ಅಕ್ಕಪಕ್ಕ ಅಂಟಿಸಿದ್ದೆ. ಈ ವರ್ಷದ ಗೆರೆ ಹೋದ ವರ್ಷಕ್ಕಿಂತ ತುಂಬಾ ಕೆಳಗೆ ಬಿದ್ದ ಹಾಗೆ ಕಂಡಿತು. ಅಪ್ಪ ನೋಡಿ ಗಾಬರಿಯಾದರು. ಫೆಬ್ರವರಿಯಲ್ಲೇ ತೋಟಕ್ಕೆ ನೀರು ಬಿಡೋದು ಅರ್ಧ ಮಾಡಿದೆವು, ಎಳೆ ಅಡಿಕೆ ಗಿಡಗಳ ಸೋಗೆ ಹಳದಿಯಾಗುವವರೆಗೆ. ಆಮೇಲೆ ಒಂದು ದಿನ ಬಲಗಡೆಯ ಅಂಕಿ ಓದಿದೆ. ಹೋದ ವರ್ಷದ್ದು 0ಯಿಂದ 40, ಈ ವರ್ಷದ್ದು 0ಯಿಂದ 25. ನೀರು ಹೆಚ್ಚು ಕಡಿಮೆ ಅಷ್ಟೇ ಇತ್ತು, ಕಾಗದದ ಮೇಲಿನ ಅಳತೆ ಬೇರೆ ಆಗಿತ್ತು. ಅವತ್ತಿನಿಂದ ಎಲ್ಲ ವರ್ಷಕ್ಕೂ ಒಂದೇ ಗರಿಷ್ಠ, ಒಂದೇ ಕನಿಷ್ಠ. ನೀವೂ ಮೊದಲ ವರ್ಷವೇ ಹಾಗೆ ಮಾಡಿ.

ಅದೇ ಕಾರಣಕ್ಕೆ ಇನ್ನೊಂದು ಮಾತು. ಗೆರೆ ಕಂಬವನ್ನು ಎಲ್ಲಿ ದಾಟಿತು ಅನ್ನೋದಕ್ಕೆ ಯಾವ ಅರ್ಥವೂ ಇಲ್ಲ. ಬಲಗಡೆಯ 36ನ್ನು 48 ಮಾಡಿದರೆ ದಾಟುವ ಜಾಗವೇ ಬದಲಾಗುತ್ತದೆ. ನೋಡಬೇಕಾದ್ದು ಯಾವ ತಿಂಗಳು ಏರಲು ಶುರುವಾಯಿತು, ಯಾವ ತಿಂಗಳು ತಿರುಗಿತು ಅನ್ನೋದು ಮಾತ್ರ. ಅಡಿಕೆ ರೇಟು ಮತ್ತು ಮಳೆ ಒಂದೇ ಚಾರ್ಟಿನಲ್ಲಿ ಹಾಕಬೇಕು ಅಂತಲೂ ಕೇಳಿದ್ದಿರಿ. ನಾನಾದರೆ ಅದಕ್ಕೆ ಸೆಕೆಂಡರಿ ಆಕ್ಸಿಸ್ ಬಳಸಲ್ಲ. ಒಂದರ ಕೆಳಗೆ ಒಂದು ಎರಡು ಸಣ್ಣ ಚಾರ್ಟ್ ಮಾಡಿ, ತಿಂಗಳುಗಳನ್ನು ನೇರ ಹೊಂದಿಸುತ್ತೇನೆ. ಸುಮ್ನೆ ಒಂದೇ ಚಾರ್ಟಿನಲ್ಲಿ ಸೇರಿಸಿದರೆ ಸಂಬಂಧ ಇಲ್ಲದ ಕಡೆಯೂ ಸಂಬಂಧ ಕಾಣುತ್ತದೆ.

ದಿನದ ಮಳೆ ಹಾಕುವವರಿಗೆ ತಾರೀಖಿನ ತೊಂದರೆ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 06-07-2024 ಅಂತ ಜುಲೈ ಆರನ್ನು ಬರೆದರೆ ಅದು ಜೂನ್ ಏಳು ಅಂತ ತಿಳಿಯುತ್ತದೆ. 15-07-2024ಕ್ಕೆ ಹದಿನೈದನೇ ತಿಂಗಳು ಇಲ್ಲವಲ್ಲ, ಅದನ್ನು ಅಕ್ಷರ ಮಾಡಿಬಿಡುತ್ತದೆ. ತಿಂಗಳ ಮೊದಲ ಹನ್ನೆರಡು ದಿನ ಎಲ್ಲೆಲ್ಲೋ ಹೋಗಿ ಕೂತಿದ್ದರೆ ಇದೇ ಕಾರಣ. ಮೊದಲು ಕಂಪ್ಯೂಟರಿನ ರೀಜನ್ ಇಂಡಿಯಾ ಮಾಡಿ, ತಾರೀಖುಗಳನ್ನು ಮತ್ತೆ ಹಾಕಿ. ಗೂಗಲ್ ಶೀಟ್ಸ್‌ನಲ್ಲಾದರೆ ಫೈಲ್, ಸೆಟ್ಟಿಂಗ್ಸ್, ಲೊಕೇಲ್. ಹವಾಮಾನ ಇಲಾಖೆಯವರ ಹಾಗೆ ಬೆಳಿಗ್ಗೆ 8.30ಕ್ಕೆ ಅಳೆಯುವುದಾದರೆ ಅದು ಹಿಂದಿನ 24 ಗಂಟೆಯ ಮಳೆ, ಯಾವ ತಾರೀಖಿಗೆ ಬರೆಯುತ್ತೀರಿ ಅನ್ನೋದು ವರ್ಷಪೂರ್ತಿ ಒಂದೇ ಇರಲಿ.

ಶೀಟ್ಸ್‌ನಲ್ಲಿ ಬಲಗಡೆ ಆಕ್ಸಿಸ್ ಬೇಕಾದರೆ ಕಾಂಬೋ ಚಾರ್ಟ್ ಮಾಡಿ, ಕಸ್ಟಮೈಸ್, ಸೀರೀಸ್, ಬಾವಿಯ ಸೀರೀಸ್ ಆರಿಸಿ ರೈಟ್ ಆಕ್ಸಿಸ್ ಕೊಡಿ. ಲಿಬ್ರೆ ಆಫೀಸಿನಲ್ಲಿ ಮೊದಲು ಚಾರ್ಟಿನ ಮೇಲೆ ಡಬಲ್ ಕ್ಲಿಕ್ ಮಾಡಬೇಕು, ಇಲ್ಲದಿದ್ದರೆ ಸೀರೀಸ್ ಕೈಗೇ ಸಿಗಲ್ಲ. ಎಕ್ಸೆಲ್‌ನಲ್ಲಿ ತಳಕ್ಕಂಟಿದ ಗೆರೆಯ ಮೇಲೆ ಕ್ಲಿಕ್ ಆಗದಿದ್ದರೆ ಫಾರ್ಮ್ಯಾಟ್ ಟ್ಯಾಬಿನ ಎಡತುದಿಯ ಪಟ್ಟಿಯಿಂದ ಅದರ ಹೆಸರು ಆರಿಸಿ. ಎರಡನ್ನೂ ಕಂಬ ಮಾಡಬೇಡಿ, ಬಲಗಡೆಯ ಕಂಬ ಎಡಗಡೆಯದರ ಮುಂದೆ ನಿಂತು ಮುಚ್ಚುತ್ತದೆ. ತ್ರೀಡಿ ಚಾರ್ಟಿಗೆ ಸೆಕೆಂಡರಿ ಆಕ್ಸಿಸ್ ಇಲ್ಲವೇ ಇಲ್ಲ, ಹುಡುಕಬೇಡಿ.

ಫೈಲ್ ಸರಿ ಮಾಡಿ ಮತ್ತೆ ಹಾಕಿ, ನೋಡುತ್ತೇನೆ. ಹಾಕುವಾಗ ಎರಡು ಸಂಗತಿ ತಿಳಿಸಿ. ಆಳವನ್ನು ಬಾವಿಕಟ್ಟೆಯ ಮೇಲಿಂದ ಅಳೆದದ್ದೋ ನೆಲಮಟ್ಟದಿಂದಲೋ? ಪಂಪ್ ಹಾಕುವ ಮೊದಲು ಬೆಳಿಗ್ಗೆ ಅಳೆದದ್ದೋ, ತೋಟಕ್ಕೆ ನೀರು ಬಿಟ್ಟ ಮೇಲೋ? ಕೋಷ್ಟಕದ ಏಪ್ರಿಲ್ ಸಾಲಿನಲ್ಲಿ ಮಾತ್ರ ನೀರು ಒಮ್ಮೆಲೇ ಆರು ಅಡಿ ಕೆಳಗೆ ಹೋಗಿದೆ, ನನಗೆ ಅಲ್ಲೇ ಅನುಮಾನ.