ಅಕ್ಕೋರಿಗೆ ಕೈಮುಗಿಯಿರಿ, ಕೇಳುವುದನ್ನು ಮಾತ್ರ ಬಿಡಬೇಡಿ

ತಂಗೀ, ನಿಮ್ಮ ಪ್ರಶ್ನೆ ಓದಿದೆ. ಯಜಮಾನರಿಗೆ ನ್ಯೂಜೆರ್ಸಿಯಲ್ಲಿ ಕೆಲಸ ಸಿಕ್ಕಿದೆ, ಶಹಾಪುರ ಬಿಟ್ಟು ಹೊರಟಿದ್ದೀರಿ. ಮಗನಿಗೆ ಆರು ವರ್ಷ, ಆಟಿಸಂ ಇದೆ, ಇನ್ನೂ ಮಾತು ಬಂದಿಲ್ಲ. ಅಲ್ಲಿಯ ಶಾಲೆ ಇವನನ್ನು ಸೇರಿಸಿಕೊಳ್ಳುತ್ತದಾ, ಫೀಸು ಎಷ್ಟು, ಬಟ್ಟೆ ಹೊಲಸಾದರೆ ಯಾರು ನೋಡುತ್ತಾರೆ, ಮನೆಯಲ್ಲಿ ಕನ್ನಡ ಬಿಡಬೇಕಾ, ಚಳಿ ಹೇಗೆ ಅಂತ ಕೇಳಿದ್ದೀರಿ.

ಚಳಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೋಟು ಇಲ್ಲಿಗೆ ಬಂದೇ ಕೊಳ್ಳಿ. ಬಾಡಿಗೆ ದುಬಾರಿ. ಆದರೆ ಮನೆ ಹಿಡಿಯುವ ಮುಂಚೆ ಅದು ಯಾವ ಸ್ಕೂಲ್ ಡಿಸ್ಟ್ರಿಕ್ಟಿಗೆ, ಅಂದರೆ ಸರ್ಕಾರಿ ಶಾಲೆಗಳನ್ನು ನಡೆಸುವ ಯಾವ ಸ್ಥಳೀಯ ಆಡಳಿತಕ್ಕೆ, ಸೇರುತ್ತದೆ ಅಂತ ವಿಚಾರಿಸಿ. ಆಫೀಸು ದೂರವಾದರೂ ನಡೆಯುತ್ತದೆ.

ಸೇರಿಸಿಕೊಳ್ಳುತ್ತಾರಾ ಅಂತ ನೀವು ಕೇಳಿದ್ದು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನಾನೂ ಕಲಬುರಗಿಯಲ್ಲಿ ಮಗಳನ್ನು ಕಟ್ಟಿಕೊಂಡು ಶಾಲೆಯಿಂದ ಶಾಲೆಗೆ ತಿರುಗಿದವಳು. 'ಬೇರೆ ಮಕ್ಕಳಿಗೆ ತೊಂದರೆ ಆಗುತ್ತದಮ್ಮಾ' ಅನ್ನುವ ಮಾತು ನಿಮಗೂ ಗೊತ್ತು, ಅಲ್ವಾ? ಇಲ್ಲಿ ಸರ್ಕಾರಿ ಶಾಲೆ ಹಾಗೆ ಹೇಳುವಂತಿಲ್ಲ. 1975ರಲ್ಲೇ ಇದಕ್ಕೆ ಕಾನೂನು ಬಂತು, ಈಗ ಅದನ್ನು ಐಡಿಇಎ ಅನ್ನುತ್ತಾರೆ. ಇಂಥ ಮಕ್ಕಳಿಗೆ 3 ವರ್ಷದಿಂದ 21ರವರೆಗೆ ಫೀಸಿಲ್ಲದೆ ಕಲಿಸಬೇಕು. ಮಗುವಿಗೆ ಅಗತ್ಯವಿದ್ದರೆ ಬಸ್ಸು ಕೂಡ ಅವರದೇ.

ಬಂದ ವಾರವೇ ಡಿಸ್ಟ್ರಿಕ್ಟ್ ಆಫೀಸಿಗೆ ಬರೆದು ಕೊಡಿ, ಮಗನನ್ನು ಸ್ಪೆಷಲ್ ಎಜುಕೇಶನ್‌ಗಾಗಿ ಪರೀಕ್ಷಿಸಿ ಅಂತ. ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ನ್ಯೂಜೆರ್ಸಿಯಲ್ಲಿ ಕಾಗದ ಕೊಟ್ಟ 20 ದಿನದೊಳಗೆ ಚೈಲ್ಡ್ ಸ್ಟಡಿ ಟೀಮ್, ಅಂದರೆ ಮಗುವನ್ನು ಪರೀಕ್ಷಿಸುವ ಶಾಲೆಯ ತಜ್ಞರ ತಂಡ, ನಿಮ್ಮನ್ನು ಮೀಟಿಂಗಿಗೆ ಕರೆಯಬೇಕು. ಪರೀಕ್ಷೆಗೆ ನೀವು ಒಪ್ಪಿ ಸಹಿ ಹಾಕಿದ ಮೇಲೆ 90 ದಿನದೊಳಗೆ ಎಲ್ಲ ಮುಗಿದು, ಅರ್ಹತೆ ಇದ್ದರೆ ಮಗುವಿನ ಐಇಪಿ ಶುರುವಾಗಬೇಕು. ಐಇಪಿ ಅಂದರೆ ಈ ಒಂದು ಮಗುವಿಗೆ ಅಂತಲೇ ಬರೆದ ಕಲಿಕೆಯ ಯೋಜನೆ.

ಬಟ್ಟೆ ಹೊಲಸಾದರೆ ಯಾರು ನೋಡುತ್ತಾರೆ ಅಂದಿರಲ್ಲ, ಕ್ಲಾಸಿನಲ್ಲಿ ಸಹಾಯಕರಿರುತ್ತಾರೆ, ಪ್ಯಾರಾ ಅನ್ನುತ್ತಾರೆ. ನನ್ನ ಮಗಳ ಪ್ಯಾರಾ ವಯಸ್ಸಾದ ಹೆಣ್ಣುಮಗಳು. ಮೂಗು ಮುರಿಯಲಿಲ್ಲ, ಮುಖ ಸಿಂಡರಿಸಲಿಲ್ಲ. ಬದಲಿಸಿ, ತೊಳೆದು, ಕೂದಲು ಬಾಚಿ ಕಳಿಸುತ್ತಿದ್ದಳು. ನಮ್ಮ ಬಳಗದಲ್ಲೇ ಮಗಳನ್ನು ಮುಟ್ಟಲು ಹಿಂಜರಿದವರಿದ್ದರು. ಆಕೆಯ ಋಣ ನಾನು ತೀರಿಸಲಾರೆ.

ಮಗಳ ಟೀಚರು ದಿನಾ ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇಟ್ಟು ಕಳಿಸುತ್ತಿದ್ದರು. ಏನು ತಿಂದಳು, ಯಾವಾಗ ಅತ್ತಳು, ಯಾವುದಕ್ಕೆ ನಕ್ಕಳು, ಎಲ್ಲ ಅದರಲ್ಲಿರುತ್ತಿತ್ತು. ರಾತ್ರಿ ನಾನೂ ನನ್ನ ಹರಕು ಇಂಗ್ಲಿಷಿನಲ್ಲಿ ಉತ್ತರ ಬರೆಯುತ್ತಿದ್ದೆ. ಮಗಳು ಕೈಯಿಂದಲೇ ಉಣ್ಣುತ್ತಾಳೆ ಅಂತ ಬರೆದೆ. ಅವರು ಚಮಚಕ್ಕೆ ಒತ್ತಾಯ ಮಾಡಲಿಲ್ಲ. (ಡಬ್ಬಿಗೆ ರೊಟ್ಟಿ ಕಟ್ಟಿ, ಆದರೆ ಶೇಂಗಾ ಹಿಂಡಿ ಬೇಡ. ಕೆಲವು ಮಕ್ಕಳಿಗೆ ಶೇಂಗಾ ಅಲರ್ಜಿ, ಜೀವಕ್ಕೇ ಕುತ್ತು. ಎಷ್ಟೋ ಕ್ಲಾಸುಗಳಲ್ಲಿ ಶೇಂಗಾ ತರುವಂತೆಯೇ ಇಲ್ಲ.)

ಈಗ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ ಮಾತು. ನಮ್ಮ ಕಡೆ ಅಕ್ಕೋರು ಹೇಳಿದ ಮೇಲೆ ಮುಗಿಯಿತು. ಎದುರು ಮಾತಾಡಿದರೆ ಉದ್ಧಟತನ. ನಾವು ಬೆಳೆದದ್ದೇ ಹಾಗೆ. ಅದರ ಮೇಲೆ, ಯಾರೂ ಮುಟ್ಟದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡವರನ್ನು ಏನಂತ ಕೇಳುವುದು? ಮೊದಲ ಐಇಪಿ ಮೀಟಿಂಗಿನಲ್ಲಿ ಮೇಜಿನ ಸುತ್ತ ಕುಳಿತವರೆಲ್ಲ ಹೇಳಿದ್ದಕ್ಕೆ ನಾನೂ ನಮ್ಮ ಯಜಮಾನರೂ 'ಆಯಿತು, ಆಯಿತು' ಅಂದೆವು. ಕಣ್ಣಲ್ಲಿ ನೀರು ಬೇರೆ. ಟೀಚರು ಮಾತ್ರ ಕಾಗದವನ್ನು ನನ್ನ ಕಡೆ ತಿರುಗಿಸಿ, ಈ ವರ್ಷ ಮಗಳು ಏನು ಕಲಿಯಬೇಕು ಅಂತ ನಿಮಗೆ ಆಸೆ, ನೀವು ಹೇಳಿ ಅಂದರು. ನನಗೆ ಬಾಯಿ ಬರಲಿಲ್ಲ. ಅವರು ಕಾದರು. ಕೊನೆಗೆ ಹೇಳಿದೆ: ಬಾಯಾರಿದಾಗ ನೀರು ಕೇಳುವಂತಾಗಲಿ. ಅದನ್ನೇ ಆ ವರ್ಷದ ಗುರಿ ಅಂತ ಬರೆದರು.

ಅಲ್ಲಿಂದ ಮುಂದೆ ನಾನು ಕೇಳತೊಡಗಿದೆ. ಸ್ಪೀಚ್ ಥೆರಪಿ ವಾರಕ್ಕೆ ಎಷ್ಟು ಸಲ, ಎಷ್ಟು ನಿಮಿಷ, ಒಬ್ಬಳಿಗೇ ಕೊಡುತ್ತೀರಾ ಗುಂಪಿನಲ್ಲಾ? ಇವೆಲ್ಲ ಐಇಪಿಯಲ್ಲಿ ಬರೆದಿರಲೇಬೇಕು. ಬೇಸಿಗೆ ರಜೆಯಲ್ಲಿ ಕಲಿತದ್ದು ಮರೆತರೆ ಏನು ಮಾಡುತ್ತೀರಿ? ಅಗತ್ಯವಿರುವ ಮಕ್ಕಳಿಗೆ ರಜೆಯಲ್ಲೂ ಪಾಠ ಇರುತ್ತದೆ, ಕೇಳದಿದ್ದರೆ ಕೆಲವೊಮ್ಮೆ ಆ ಮಾತೇ ಬರುವುದಿಲ್ಲ. ಇಂಗ್ಲಿಷ್ ಸಾಲದು ಅನಿಸಿದರೆ ದುಭಾಷಿ ಕೇಳಿ, ಅದರ ಖರ್ಚು ಶಾಲೆಯದು. ಪೋಷಕರಿಗೆ ದಾರಿ ತೋರಿಸಲು ನ್ಯೂಜೆರ್ಸಿಯಲ್ಲಿ ಸ್ಪ್ಯಾನ್ ಅನ್ನುವ ಸಂಸ್ಥೆ ಇದೆ, ಅವರಿಗೂ ಫೋನ್ ಮಾಡಿ. ನಾವು ಕೇಳಿದ್ದಕ್ಕೆ ಟೀಚರು ಬೇಸರ ಮಾಡಿಕೊಳ್ಳಲಿಲ್ಲ. ಅವರಿಗೆ ಬೇಕಾಗಿದ್ದೂ ಅದೇ. ತಂದೆತಾಯಿ ಬರೆದು ಕೇಳಿದ್ದನ್ನು ಮುಂದಿಟ್ಟುಕೊಂಡು ಅವರೂ ಮೇಲಿನವರ ಹತ್ತಿರ ಮಾತಾಡಬಹುದು.

ಕನ್ನಡ ಬಿಡಬೇಡಿ. ಒಬ್ಬ ಡಾಕ್ಟರು ನಮಗೆ ಮನೆಯಲ್ಲಿ ಇಂಗ್ಲಿಷ್ ಒಂದೇ ಮಾತಾಡಿ ಅಂದಿದ್ದರು. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಸಂಶೋಧನೆಯಲ್ಲಿ ಆಧಾರ ಸಿಕ್ಕಿಲ್ಲ. ಇದನ್ನು ತಿಳಿಸಿದವರೂ ಟೀಚರೇ. ಮಗಳು ಒತ್ತಿದರೆ ಮಾತಾಡುವ ಟ್ಯಾಬ್ಲೆಟ್ಟಿನಲ್ಲಿ ನನ್ನ ದನಿಯಲ್ಲೇ 'ಅವ್ವಾ, ನೀರು' ಅಂತ ರೆಕಾರ್ಡ್ ಮಾಡಿಸಿದರು. ಈಗ ಅವಳು ವಿಡಿಯೋ ಕಾಲಿನಲ್ಲಿ ಅದನ್ನೇ ಒತ್ತಿ ಅಜ್ಜಿಯನ್ನು ಕರೆಯುತ್ತಾಳೆ.

ಟೀಚರಿಗೆ ಏನು ಕೊಡಬೇಕು ಅಂತಲೂ ಕೇಳಿದ್ದೀರಿ. ಸೀರೆ, ಬೆಳ್ಳಿ ತರಬೇಡಿ, ಉಡುಗೊರೆಗೆ ಇಲ್ಲಿ ನಿಯಮ ಇರುತ್ತದೆ. ಒಂದು ಪತ್ರ ಬರೆಯಿರಿ, ಪ್ರಿನ್ಸಿಪಾಲರಿಗೂ ಒಂದು ಪ್ರತಿ ಕಳಿಸಿ.

ನನ್ನ ಮನಸ್ಸಿನಲ್ಲಿ ಉಳಿದ ಕೊರಗು ಬೇರೆ. ಕಲಬುರಗಿಯಲ್ಲಿ ಬಿಆರ್‌ಸಿಯಿಂದ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಮನೆಗೆ ಬಂದು ಕಲಿಸುತ್ತಿದ್ದ ಅಕ್ಕೋರೊಬ್ಬರಿದ್ದರು. ಏಪ್ರಿಲ್ ಬಿಸಿಲಲ್ಲಿ ಸಿಟಿ ಬಸ್ಸಿಳಿದು ನಡೆದು ಬರುವವರು. ಮಗಳು ಮೊದಲ ಸಲ ಇನ್ನೊಬ್ಬರ ಕಣ್ಣು ನೋಡಿದ್ದು ಅವರ ಮುಂದೆಯೇ. ಇಲ್ಲಿಯ ಟೀಚರು ಕಟ್ಟಿದ್ದು ಆ ಅಡಿಪಾಯದ ಮೇಲೆ. ನಾವು ಬಂದ ಮೇಲೆ ಅವರಿಗೆ ಬೇರೆ ಕಡೆ ವರ್ಗವಾಯಿತು, ನಂಬರು ಬದಲಾಯಿತು. ಊರಿಗೆ ಹೋದಾಗಲೆಲ್ಲ ವಿಚಾರಿಸಿದ್ದೇನೆ, ಸಿಕ್ಕಿಲ್ಲ. ಮಗಳು ಇಷ್ಟು ಬೆಳೆದದ್ದು ಅವರಿಗೆ ಗೊತ್ತೇ ಇಲ್ಲ.

ನಿಮ್ಮ ಮಗನಿಗೂ ಮನೆಗೆ ಬರುವ ಅಕ್ಕೋರು ಇದ್ದಾರೆ ಅಂತ ಬರೆದಿದ್ದೀರಿ. ಹೊರಡುವ ಮುಂಚೆ ಅವರನ್ನು ಊಟಕ್ಕೆ ಕರೆಯಿರಿ, ಉಡಿ ತುಂಬಿ. ಅವರ ನಂಬರಿನ ಜೊತೆ ಮನೆಯವರೊಬ್ಬರ ನಂಬರೂ ಬರೆದುಕೊಳ್ಳಿ. ಮಗನಿಗೆ ಏನೇನು ಬರುತ್ತದೆ, ಯಾವುದಕ್ಕೆ ಹೆದರುತ್ತಾನೆ, ಹೇಗೆ ಸಮಾಧಾನ ಮಾಡುತ್ತಾರೆ ಅಂತ ಎರಡು ಪುಟ ಕನ್ನಡದಲ್ಲೇ ಬರೆಸಿಕೊಳ್ಳಿ. ಲಸಿಕೆ ದಾಖಲೆ, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಹಳೆಯ ರಿಪೋರ್ಟುಗಳ ಜೊತೆ ಅದನ್ನೂ ಕೈಬ್ಯಾಗಿನಲ್ಲಿಟ್ಟು ತನ್ನಿ. ಇಂಗ್ಲಿಷಿಗೆ ನಾನು ಮಾಡಿಕೊಡುತ್ತೇನೆ.